ರಾಮನ್ ಪೆಟ್ಟಿಗೆಗೆ ಕುಂಕುಮ ತಗುಲಿದ ವಾರ

ಆಯುಧಪೂಜೆಯ ದಿನ ಭಕ್ತಿಯಿಂದ ಕುಂಕುಮ ಇಟ್ಟು, ಆ ಕುಂಕುಮದಿಂದಲೇ ಯಂತ್ರ ಕೆಡಿಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಆಗಿದೆಯೇ? ಕೀಬೋರ್ಡಿನ ಮೇಲೆ ತೀರ್ಥ ಚೆಲ್ಲಿದ್ದು, ಮಿಕ್ಸಿಯ ಗುಂಡಿಗೆ ಗಂಧ ಮೆತ್ತಿಕೊಂಡಿದ್ದು, ಅಂಥವನ್ನು ನಾನು ಕೇಳುತ್ತಿಲ್ಲ. ಅವು ಒರೆಸಿದರೆ ಹೋಗುತ್ತವೆ. ಇನ್ನೊಬ್ಬ ಮನುಷ್ಯನ ಕೆಲಸವೇ ಹೋಗುವ ಮಟ್ಟಕ್ಕೆ ಕೆಡಿಸಿದ್ದು ಉಂಟೇ? ನಾನು ಕೆಡಿಸಿದ್ದೇನೆ. ಈಗ ಹೇಳಿದರೆ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಹೇಳುತ್ತಿದ್ದೇನೆ.

ಎರಡು ಸಾವಿರದ ಎಂಟರ ಆಸುಪಾಸು. ಗೌರಿಬಿದನೂರಿನಲ್ಲಿ ಒಂದು ಟೆಲಿಕಾಂ ಕಂಪನಿಯ ಸ್ಟೇಷನ್ನಿನಲ್ಲಿ ನಾನು ಟೆಕ್ನಿಷಿಯನ್. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮಂಚೇನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಸ್ಟೇಷನ್ ಎಂದರೆ ದೊಡ್ಡದೇನೂ ಅಲ್ಲ. ಎರಡು ಎಸಿ ಸದಾ ಓಡುವ ಒಂದು ಕೋಣೆ, ಬೀರುವಿನಂಥ ನಾಲ್ಕು ರ‍್ಯಾಕು, ಹಿಂದೆ ಬ್ಯಾಟರಿ ಕೋಣೆ, ಮುಂದೆ ವಾಚ್‌ಮನ್ ತಾತನ ಕುರ್ಚಿ. ಕುಡುಮಲಕುಂಟೆಯ ಕಾರ್ಖಾನೆಗಳ ಲೈನುಗಳು, ಬ್ಯಾಂಕುಗಳದ್ದು, ಸುತ್ತಲಿನ ಮೊಬೈಲ್ ಟವರುಗಳದ್ದು, ಎಲ್ಲವೂ ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕಾಗಿ ಬಂದು ಆ ಕೋಣೆಯನ್ನು ದಾಟಿ ಹೋಗುತ್ತಿದ್ದವು. ನಾನು ಅಲ್ಲಿ ಕೂತು ಹಸಿರು ದೀಪ ಹಸಿರಾಗಿಯೇ ಇದೆಯೇ ಎಂದು ನೋಡಬೇಕು. ಸಂಬಳ ಕೊಡುತ್ತಿದ್ದದ್ದು ಅದಕ್ಕೇ.

ಎಳೆ ತುಂಡಾದರೆ ಜೋಡಿಸಲು ಒಬ್ಬರಿದ್ದರು. ಎಲ್ಲರೂ ಅವರನ್ನು ಜಾಯಿಂಟಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಐವತ್ತು ದಾಟಿದವರು, ಶಿಡ್ಲಘಟ್ಟದವರು. ಇಪ್ಪತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ ಕೈ. ಕುದಿಯುವ ನೀರಿನಲ್ಲಿ ತೇಲುವ ಗೂಡಿನಿಂದ ತುಂಡಾದ ಎಳೆಯ ತುದಿ ಹುಡುಕಿ ಎತ್ತುವುದು ಅವರ ಹಳೆಯ ಕೆಲಸ. ಬಿಸಿನೀರಿಗೆ ಬೆರಳ ತುದಿಗಳು ಸುಲಿದು ಸುಲಿದು ನುಣ್ಣಗಾಗಿದ್ದವು. ಕೇಬಲ್ ಕಂಟ್ರಾಕ್ಟರನ ಕೈಕೆಳಗೆ ಬಂದವರು ಆರು ತಿಂಗಳಲ್ಲಿ ಕಂಟ್ರಾಕ್ಟರನಿಗಿಂತ ಚೆನ್ನಾಗಿ ಗಾಜು ಜೋಡಿಸುತ್ತಿದ್ದರು. ಆಮೇಲೆ ನಮ್ಮ ಕಂಪನಿ ಅವರನ್ನು ನೇರವಾಗಿಯೇ ಇಟ್ಟುಕೊಂಡಿತು. ಗೌರಿಬಿದನೂರಿನಿಂದ ಮಂಚೇನಹಳ್ಳಿ ದಾಟುವವರೆಗಿನ ಕೇಬಲ್ಲಿನ ಪ್ರತಿ ಜೋಡಣೆಯೂ ಅವರದೇ. ವರ್ಷಕ್ಕೊಮ್ಮೆ ಒಪ್ಪಂದ ಹೊಸದಾಗುತ್ತಿತ್ತು. ಬೆಂಗಳೂರಿನಲ್ಲಿದ್ದ ಮ್ಯಾನೇಜರ್ ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಒಮ್ಮೆ ಕೇಳಿದ್ದೆ, ಯಾವುದು ಕಷ್ಟ ಅಣ್ಣ, ರೇಷ್ಮೆಯೋ ಗಾಜೋ ಎಂದು.

"ರೇಷ್ಮೆ ತಪ್ಪಾದ್ರೆ ಮಾಲೀಕ ಬೈತಾನೆ ಕಣಮ್ಮ. ಇದು ತಪ್ಪಾದ್ರೆ ಮೆಷಿನ್ನೇ ಬೈತದೆ. ಮೆಷಿನ್ ಕೈಲಿ ಬೈಸ್ಕೊಳ್ಳೋದು ಬೋ ಬೇಜಾರು."

ಆ ವರ್ಷ ನಮ್ಮ ಲೈನಿಗೆ ಒಂದು ತಾಪತ್ರಯ ಬಂತು. ಗೌರಿಬಿದನೂರಿನಿಂದ ಚಿಂತಾಮಣಿಗೆ ಹೋಗುವ ಎಳೆಗೆ ನಡುವೆ ಚಿಕ್ಕಬಳ್ಳಾಪುರದಲ್ಲಿ ಒಂದು ಆಂಪ್ಲಿಫೈಯರ್ ಇತ್ತು. ದೂರ ಬಂದು ಸುಸ್ತಾದ ಬೆಳಕಿಗೆ ಅಲ್ಲಿ ಶಕ್ತಿ ತುಂಬಿ ಮುಂದಕ್ಕೆ ಕಳಿಸುತ್ತಿದ್ದರು. ಆ ಕಟ್ಟಡದ ಮಾಲೀಕರು ಮಗಳ ಮದುವೆಯಾದ ಮೇಲೆ ಅಳಿಯನಿಗೆ ಅಂಗಡಿ ಹಾಕಿಕೊಡಬೇಕು, ಜಾಗ ಬಿಡಿ ಎಂದರು. ಬಿಟ್ಟದ್ದಾಯಿತು. ಈಗ ಚಿಂತಾಮಣಿಯಿಂದ ಹೊರಟ ಬೆಳಕು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ಎಲ್ಲವನ್ನೂ ಒಂದೇ ಉಸಿರಿಗೆ ದಾಟಿ ನಮ್ಮಲ್ಲಿಗೆ ಬರಬೇಕು. ಬರುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ.

ಅದಕ್ಕೆ ಬೆಂಗಳೂರಿನಿಂದ ಮ್ಯಾನೇಜರ್ ಒಂದು ಹೊಸ ಪೆಟ್ಟಿಗೆ ತಂದರು. ರಾಮನ್ ಆಂಪ್ಲಿಫೈಯರ್. ಹಳೆಯ ಆಂಪ್ಲಿಫೈಯರುಗಳು ಬೆಳಕನ್ನು ತಮ್ಮ ಹೊಟ್ಟೆಯೊಳಗೆ ಕರೆದುಕೊಂಡು ಬಲಪಡಿಸಿ ಹೊರಗೆ ಬಿಡುತ್ತಿದ್ದವು. ಇದು ಹಾಗಲ್ಲ. ಇದರೊಳಗಿನ ಲೇಸರ್ ನಮ್ಮ ಸ್ಟೇಷನ್ನಿನಿಂದ ಅದೇ ಎಳೆಯೊಳಕ್ಕೆ, ಬರುವ ಬೆಳಕಿಗೆ ಎದುರಾಗಿ, ಜೋರಾಗಿ ಇನ್ನೊಂದು ಬೆಳಕು ಬಿಡುತ್ತದೆ. ಆ ಜೋರು ಬೆಳಕು ಗಾಜಿನ ಅಣುಗಳನ್ನು ನಡುಗಿಸುತ್ತದೆ, ಆ ನಡುಕದಲ್ಲಿ ತನ್ನ ಶಕ್ತಿಯ ಒಂದು ಪಾಲು ಎದುರಿನಿಂದ ಬರುವ ಸುಸ್ತಾದ ಬೆಳಕಿಗೆ ಸೇರುತ್ತದೆ. ಅಂದರೆ ನೆಲದಡಿಯ ಗಾಜಿನ ಎಳೆಯೇ ಆಂಪ್ಲಿಫೈಯರ್. ಪೆಟ್ಟಿಗೆ ನಮ್ಮಲ್ಲಿದ್ದರೂ ಕೆಲಸ ನಡೆಯುವುದು ಮಂಚೇನಹಳ್ಳಿಯ ಹೊಲಗಳ ಬದಿಯಲ್ಲಿ. ಸ್ಟೇಷನ್ನಿಗೆ ಹತ್ತಿರದ ಹದಿನೈದಿಪ್ಪತ್ತು ಕಿಲೋಮೀಟರ್ ಎಳೆ ಚೊಕ್ಕವಾಗಿದ್ದರೆ ಪೆಟ್ಟಿಗೆಗೆ ಬೆಲೆ, ಇಲ್ಲದಿದ್ದರೆ ಇಲ್ಲ. ಆ ಹದಿನೈದಿಪ್ಪತ್ತು ಕಿಲೋಮೀಟರ್ ಪೂರ್ತಿ ಜಾಯಿಂಟಣ್ಣನದು.

ಮ್ಯಾನೇಜರ್ ಒಂದು ಪೂರ್ತಿ ದಿನ ನಿಂತು ಕಲಿಸಿದರು. ಒಳ್ಳೆಯ ಮನುಷ್ಯರೇ, ಆದರೆ ಹೇಳಿದ್ದನ್ನೇ ಮೂರು ಸಲ ಹೇಳುವವರು.

"ಮೇಡಂ, ಇದು ಹಳೇ ಲೇಸರ್ ಥರ ಅಲ್ಲ. ಕನೆಕ್ಟರ್ ಮೇಲೆ ಒಂದು ಧೂಳಿನ ಕಣ ಇದ್ರೂ ಸುಟ್ಟು ಗಾಜಿಗೇ ಅಂಟ್ಕೊಳ್ಳುತ್ತೆ. ಲೇಸರ್ ಆಫ್ ಮಾಡಿ, ಕ್ಲೀನ್ ಮಾಡಿ, ಸ್ಕೋಪ್‌ನಲ್ಲಿ ನೋಡಿ, ಆಮೇಲೆ ಹಾಕಿ. ಕ್ಲೀನ್ ಮಾಡಿ, ನೋಡಿ, ಹಾಕಿ. ಏನು?"

"ಕ್ಲೀನ್ ಮಾಡಿ, ನೋಡಿ, ಹಾಕೋದು ಸಾರ್."

ಕನೆಕ್ಟರಿನ, ಅಂದರೆ ಎಳೆಯ ತುದಿಗಿರುವ ಪ್ಲಗ್ಗಿನ, ಮುಖ ನೋಡಲು ಟಾರ್ಚಿನಂಥ ಪುಟ್ಟ ಮೈಕ್ರೋಸ್ಕೋಪ್, ಒರೆಸಲು ಕ್ಯಾಸೆಟ್ಟಿನಂಥ ಡಬ್ಬಿ, ಎರಡನ್ನೂ ಕೊಟ್ಟು ಹೋದರು. ನಾನು ಅವನ್ನು ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿಟ್ಟೆ. ನಮ್ಮಲ್ಲಿ ಟಿವಿ ರಿಮೋಟಿನ ಕವರನ್ನೇ ಯಾರೂ ಕೀಳುವುದಿಲ್ಲ. ಅಷ್ಟು ದುಬಾರಿ ವಸ್ತುವಿನದನ್ನು ಕೀಳುವುದುಂಟೇ? ಐದು ವರ್ಷದಿಂದ ಕನೆಕ್ಟರ್ ಒರೆಸಿದ್ದು ಕರ್ಚೀಫಿನಲ್ಲಿ. ಒಂದು ದಿನವೂ ಕೆಂಪು ದೀಪ ಹತ್ತಿರಲಿಲ್ಲ.

ಪೆಟ್ಟಿಗೆಯಿಂದ ಫ್ರೇಮಿಗೆ (ಹೊರಗಿನ ಕೇಬಲ್ ಬಂದು ಕೊನೆಗೊಳ್ಳುವ ಚೌಕಟ್ಟನ್ನು ನಾವು ಫ್ರೇಮ್ ಎನ್ನುತ್ತಿದ್ದೆವು) ಹಾಕಿದ್ದ ಹಳದಿ ಕಾರ್ಡು, ಅಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಗಾಜಿನೆಳೆಯ ವೈರು, ಗಿಡ್ಡವಾಗಿ ರ‍್ಯಾಕಿನ ಬಾಗಿಲು ಮುಚ್ಚುತ್ತಿರಲಿಲ್ಲ. ಉದ್ದನೆಯ ಹೊಸ ಕಾರ್ಡು ಕೊರಿಯರಿನಲ್ಲಿ ಬಂತು. ಅದೇ ವಾರ ಗೇಟಿನ ಮುಂದೆ ರಸ್ತೆ ಅಗೆದ ಜೆಸಿಬಿ ನಮ್ಮ ಕೇಬಲ್ಲನ್ನೂ ಎಳೆದು ತುಂಡು ಮಾಡಿತ್ತು. ಗೇಟಿನ ಪಕ್ಕದ ಚೇಂಬರ್ ಗುಂಡಿಯಲ್ಲಿ, ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ಸಿಗುವ ಮೊದಲ ಜಾಯಿಂಟನ್ನು ಜಾಯಿಂಟಣ್ಣ ಹೊಸದಾಗಿ ಮಾಡಿದ್ದರು. ಲೈನ್ ಚೆನ್ನಾಗಿಯೇ ಬಂದಿತ್ತು.

ಸೋಮವಾರ ಆಯುಧಪೂಜೆ. ಹೊಸ ವಸ್ತುವನ್ನು ಪೂಜೆಗೆ ಮೊದಲು ಬಳಸಬಾರದೆಂದು ಹಳದಿ ಕಾರ್ಡನ್ನು ಹಾಗೇ ಇಟ್ಟಿದ್ದೆ. ಮೇಜಿನ ಮೇಲೆ ಹಾಸಿದ ಬಟ್ಟೆಯಲ್ಲಿ ಎಳೆ ಜೋಡಿಸುವ ಸ್ಪ್ಲೈಸಿಂಗ್ ಮೆಷಿನ್, ಮೀಟರು, ಸ್ಕ್ರೂಡ್ರೈವರುಗಳು, ಜಾಯಿಂಟಣ್ಣನ ಹಾರೆ, ಸುತ್ತಿಟ್ಟ ಹಳದಿ ಕಾರ್ಡು. ಗೇಟಿಗೆ ಬೂದುಗುಂಬಳ. ಪೂಜಾರಿ ವಾಚ್‌ಮನ್ ತಾತ. ನಾನು ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತಾ ಬಂದೆ. ಕಾರ್ಡಿನ ತುದಿಗಳಿಗೆ ಧೂಳು ಬೀಳದಂತೆ ಪುಟ್ಟ ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ. ತಾತ ಅದನ್ನು ನೋಡಿದರು.

"ತಲೆ ಮ್ಯಾಲೆ ಟೋಪಿ ಇಕ್ಕೊಂಡು ಯಾರಾನ ಮಂಗಳಾರತಿ ತಗೋತಾರೇನಮ್ಮ? ತೆಗಿ ಅದ್ನ."

ಜಾಯಿಂಟಣ್ಣ ನಕ್ಕರು. "ತಾತ, ನಿನ್ ತಲೆ ಮ್ಯಾಲಿನ ಮಫ್ಲರ್ ಮೊದ್ಲು ತೆಗಿಯಪ್ಪ."

"ನಂಗೆ ನೆಗಡಿ ಐತೆ. ಅದಕ್ಕೇನು ನೆಗಡಿನಾ?"

ನಾನೂ ನಕ್ಕು ಟೋಪಿ ತೆಗೆದೆ. ಕನೆಕ್ಟರಿನ ಎರಡೂ ತುದಿಗೆ ಒಂದೊಂದು ಬೊಟ್ಟು ಕುಂಕುಮ. ಮಂಗಳಾರತಿಯಾಯಿತು, ಕಡಲೆಪುರಿ ತಿಂದೆವು, ಟೋಪಿಗಳನ್ನು ವಾಪಸ್ ಹಾಕಿದೆ. ಮಂಗಳವಾರ ವಿಜಯದಶಮಿ, ಏನನ್ನೂ ಮುಟ್ಟಲಿಲ್ಲ.

ಬುಧವಾರ ಬೆಳಿಗ್ಗೆ ಕಾರ್ಡು ಬದಲಿಸಿದೆ. ಲೇಸರ್ ಆಫ್ ಮಾಡಿದ್ದು ನಿಜ. ಕನೆಕ್ಟರನ್ನು ಕರ್ಚೀಫಿನಲ್ಲಿ ಒರೆಸಿದ್ದೂ ನಿಜ. ಕವರ್ ಕೀಳದ ಸ್ಕೋಪು ಬೀರುವಿನಲ್ಲೇ ಇತ್ತು. ರ‍್ಯಾಕಿನ ಬಾಗಿಲು ಚೆಂದವಾಗಿ ಮುಚ್ಚಿತು. ಲೇಸರ್ ಆನ್ ಮಾಡಿದೆ. ಐದು ನಿಮಿಷ ಸರಿಯಿತ್ತು. ಆಮೇಲೆ ಕೆಂಪು ದೀಪ. ಬಿಟ್ಟ ಬೆಳಕು ಎಲ್ಲೋ ಹತ್ತಿರದಲ್ಲೇ ಬಡಿದು ತಿರುಗಿ ಬರುತ್ತಿದೆ ಎಂದು ಪೆಟ್ಟಿಗೆ ತಾನೇ ಲೇಸರ್ ನಿಲ್ಲಿಸಿತು. ಮತ್ತೆ ಆನ್ ಮಾಡಿದೆ, ಮತ್ತೆ ನಿಲ್ಲಿಸಿತು. ಚಿಂತಾಮಣಿಯ ಬೆಳಕು ಬಂದು ಮುಟ್ಟಲೇ ಇಲ್ಲ. ಲೈನುಗಳೆಲ್ಲ ಬೆಂಗಳೂರಿನ ಸುತ್ತುದಾರಿಗೆ ತಿರುಗಿದವು. ಊರಿನವರಿಗೆ ಏನೂ ಗೊತ್ತಾಗಲಿಲ್ಲ, ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ಕೇಬಲ್ ಪರೀಕ್ಷಿಸಲು ಓಟಿಡಿಆರ್ ಎಂಬ ಯಂತ್ರವಿದೆ. ಎಳೆಯೊಳಕ್ಕೆ ಬೆಳಕಿನ ಒಂದು ತುಣುಕು ಬಿಟ್ಟು, ತಿರುಗಿ ಬಂದದ್ದನ್ನು ನೋಡಿ, ಎಷ್ಟು ದೂರದಲ್ಲಿ ತೊಂದರೆ ಎಂದು ಗೆರೆ ಎಳೆದು ತೋರಿಸುತ್ತದೆ. ಅದಕ್ಕೊಂದು ಐಬು: ತೀರಾ ಹತ್ತಿರದ್ದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಫ್ರೇಮಿನ ಕನೆಕ್ಟರೂ ಗೇಟಿನ ಪಕ್ಕದ ಮೊದಲ ಜಾಯಿಂಟೂ ಅದರ ಕಣ್ಣಿಗೆ ಒಂದೇ ಗುಡ್ಡೆ. ಗುರುವಾರ ಬೆಳಿಗ್ಗೆ ಗೆರೆಯ ಶುರುವಿನಲ್ಲೇ ದೊಡ್ಡ ಹಳ್ಳ ಕಂಡಿತು. ಮ್ಯಾನೇಜರಿಗೆ ಗೆರೆಯ ಚಿತ್ರ ಕಳಿಸಿದೆ. ಅವರು ಫೋನ್ ಮಾಡಿದರು.

"ಮೊದಲ್ನೇ ಜಾಯಿಂಟ್ ಅಲ್ವೇನ್ರೀ ಇದು? ಹೋದ ವಾರ ಮಾಡಿದ್ದು? ಕೀಳಿಸಿ ಮತ್ತೆ ಮಾಡ್ಸಿ. ಇದೂ ಸರಿ ಹೋಗ್ಲಿಲ್ಲ ಅಂದ್ರೆ ಶುಕ್ರವಾರ ಬೇರೆ ಟೀಮ್ ಕರ್ಕೊಂಡು ಬರ್ತೀನಿ. ಅವರಿಗೇ ಈ ಸೆಕ್ಷನ್ ಕೊಡೋದು. ಆ ಯಜಮಾನರಿಗೆ ಕಣ್ಣು ಮಂಜಾಗಿರ್ಬೇಕು."

ಫೋನ್ ಸ್ಪೀಕರಿನಲ್ಲಿತ್ತು. ಜಾಯಿಂಟಣ್ಣ ಪಕ್ಕದಲ್ಲೇ ನಿಂತಿದ್ದರು. ಹಾರೆ ತೆಗೆದುಕೊಂಡು ಚೇಂಬರಿಗೆ ಹೋದರು. ಜಾಯಿಂಟ್ ಬಾಕ್ಸ್ ಎತ್ತಿ, ಬಿಚ್ಚಿ, ಟ್ರೇಯಲ್ಲಿ ಸುತ್ತಿಟ್ಟ ಎಳೆಗಳನ್ನು ನನಗೆ ತೋರಿಸಿದರು.

"ಚೂಡಮ್ಮ, ನೋಡು. ಎಲ್ಲಾನ ಮಡಚಿದ್ಯಾ? ಎಲ್ಲಾನ ಬಿಗಿದಿದ್ಯಾ? ಇದನ್ನ ಕುಯ್ಯು ಅಂತಾರೆ."

ಕುಯ್ದರು. ಹೊಸದಾಗಿ ಜೋಡಿಸಿದರು. ಮೆಷಿನ್ ಪರದೆಯಲ್ಲಿ ಬೆಳಕಿನ ನಷ್ಟ ಸೊನ್ನೆ ಎನ್ನುವಷ್ಟು ಕಡಿಮೆ. ಒಳಗೆ ಬಂದು ನೋಡಿದರೆ ಓಟಿಡಿಆರ್ ಗೆರೆಯಲ್ಲಿ ಅದೇ ಹಳ್ಳ. ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಅವರು ಊಟಕ್ಕೆ ಹೋದರು. ನಾನು ಒಬ್ಬಳೇ ಕೂತು ಯೋಚಿಸಿದೆ. ಜೋಡಣೆ ಬದಲಾದರೂ ಹಳ್ಳ ಬದಲಾಗದಿದ್ದರೆ ಹಳ್ಳ ಜೋಡಣೆಯದ್ದಲ್ಲ. ಇಷ್ಟು ಲೆಕ್ಕ ಹಾಕಲು ಡಿಪ್ಲೊಮಾ ಬೇಕಿಲ್ಲ. ಉಳಿದದ್ದು ಫ್ರೇಮ್. ಪೆಟ್ಟಿಗೆ ಪೂರ್ತಿ ಆಫ್ ಮಾಡಿ, ಕಾರ್ಡು ಬಿಚ್ಚಿ, ಸ್ಕೋಪಿನ ಪ್ಲಾಸ್ಟಿಕ್ ಕವರ್ ಹರಿದೆ. ಕನೆಕ್ಟರಿನ ಮುಖದ ನಡುಮಧ್ಯೆ, ಬೆಳಕು ಹೋಗುವ ಜಾಗದಲ್ಲಿ, ಬೀಡಿ ತಾಗಿಸಿದ ಹಾಗೆ ಕಪ್ಪು ಗುಳಿ. ಸುತ್ತ ತುಕ್ಕಿನ ಬಣ್ಣದ ಚುಕ್ಕೆಗಳು. ಫ್ರೇಮಿನ ಕಡೆಯ ಕನೆಕ್ಟರಿನಲ್ಲೂ ಅಂಥದೇ ಗುಳಿ. ಪ್ಲಾಸ್ಟಿಕ್ ಟೋಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆಲ್ಲ ಕುಂಕುಮ. ಮೇಲಿನದನ್ನು ಒರೆಸಿದ್ದೆ, ಟೋಪಿಯೊಳಗೆ ಎರಡು ದಿನ ಅರೆದುಕೊಂಡು ಕೂತ ಪುಡಿ ಒರೆಸಿದರೆ ಹೋಗುವಂಥದ್ದಾಗಿರಲಿಲ್ಲ.

ಆಗ ಗಂಟೆ ಎರಡು. ಮೂರು ಗಂಟೆಗೆ ಮ್ಯಾನೇಜರ್ ಮತ್ತೆ ಫೋನ್ ಮಾಡಿದರು.

"ಸರಿ ಹೋಗ್ಲಿಲ್ವಾ? ಇನ್ನೊಂದು ಸಲ ಕುಯ್ದು ಮಾಡೋಕೆ ಹೇಳಿ. ನಾಳೆ ಬರ್ತೀನಿ."

"ಸರಿ ಸಾರ್" ಎಂದೆ.

ಬಾಯಿಗೆ ಬಂದದ್ದು ಅದೊಂದೇ. ಹೋಗಿ ಜಾಯಿಂಟಣ್ಣನಿಗೂ ನಾನೇ ಹೇಳಿದೆ. "ಇನ್ನೊಂದ್ಸಲ ಕುಯ್ಯಬೇಕಂತೆ ಅಣ್ಣ." ಬಿಸಿಲಿತ್ತು. ಅವರು ಚೇಂಬರಿನ ಅಂಚಿನಲ್ಲಿ ಕೂತು ಎರಡನೇ ಸಲ ಕುಯ್ಯುವಾಗ ಪರದೆಗೆ ಬಿಸಿಲು ಬೀಳದಿರಲೆಂದು ನಾನು ಕೊಡೆ ಹಿಡಿದು ನಿಂತಿದ್ದೆ. ಕೊಡೆ ಹಿಡಿದ ಕೈಗೆ ಗೊತ್ತಿತ್ತು, ತೊಂದರೆ ಇಲ್ಲಿಲ್ಲ ಎಂದು. ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ.

ಸಂಜೆ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಫ್ರೇಮಿನ ಆ ಕನೆಕ್ಟರ್ ಹಳೆಯದಾಗಿದೆ, ಬದಲಿಸಿ ಎಂದು ಜಾಯಿಂಟಣ್ಣನಿಗೆ ಹೇಳಿದರೆ ಅವರೇ ಹೊಸದನ್ನು ಜೋಡಿಸುತ್ತಾರೆ. ಕಾರ್ಡನ್ನು ನಾನು ಬದಲಿಸುತ್ತೇನೆ. ಲೈನ್ ಬರುತ್ತದೆ. ಯಾರಿಗೂ ಕುಂಕುಮದ ವಿಷಯ ಬೇಕಾಗಿಲ್ಲ. ತೊಂಡೇಬಾವಿ ದಾಟುವವರೆಗೂ ಖುಷಿಯಾಗಿಯೇ ಇದ್ದೆ. ಆಮೇಲೆ ಉಪಾಯದಲ್ಲಿದ್ದ ತೂತು ಕಂಡಿತು. ಫ್ರೇಮಿನೊಳಗಿನ ಜೋಡಣೆಯೂ ಜಾಯಿಂಟಣ್ಣನದೇ. ಗೇಟಿನದನ್ನು ಎರಡು ಸಲ ಕಿತ್ತಿದ್ದಾರೆ, ಒಳಗಿನದನ್ನು ಒಮ್ಮೆ ಬದಲಿಸಿದ್ದಾರೆ, ಆಗ ಲೈನ್ ಬಂತು ಎಂದರೆ ಮ್ಯಾನೇಜರ್ ಏನು ಬರೆಯುತ್ತಾರೆ? ಜೋಡಣೆ ಕೆಟ್ಟಿತ್ತು, ಮೂರು ಸಲ ಮಾಡಿದ ಮೇಲೆ ಸರಿಹೋಯಿತು. ನಾನು ಸುಮ್ಮನಿದ್ದು ಲೈನ್ ಸರಿ ಮಾಡಿದಷ್ಟೂ ಅವರ ಮೇಲಿನ ತಪ್ಪು ಗಟ್ಟಿಯಾಗುತ್ತದೆ.

ಇಷ್ಟು ತಿಳಿದ ಮೇಲೂ ಶುಕ್ರವಾರ ಒಂಬತ್ತಕ್ಕೆ ಸ್ಟೇಷನ್ನಿಗೆ ಬಂದವಳು ಹನ್ನೊಂದರವರೆಗೂ ಯಾರಿಗೂ ಹೇಳಲಿಲ್ಲ. ಹನ್ನೊಂದಕ್ಕೆ ಮ್ಯಾನೇಜರ್ ಬಂದರು, ಜೊತೆಗೆ ಹೊಸ ಟೀಮಿನವನೊಬ್ಬ. ಮ್ಯಾನೇಜರ್ ಜೋರು ಮಾಡಲಿಲ್ಲ.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಈ ರಾಮನ್ ಬಂದ್ಮೇಲೆ ಜಾಯಿಂಟ್ ಭಾಳ ನೈಸಾಗಿರ್ಬೇಕು. ನಿಮ್ಮ ಕಾಲದ್ದಲ್ಲ ಇದು. ಮೆಷಿನ್ ಇವರ ಕೈಗೆ ಕೊಟ್ಬಿಡಿ."

ಸ್ಪ್ಲೈಸಿಂಗ್ ಮೆಷಿನ್ ಕಂಪನಿಯದು. ಜಾಯಿಂಟಣ್ಣ ಅದನ್ನು ತಂದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದು ಒಳಗಿನ ಗಾಜಿನ ಚೂರುಗಳನ್ನು ಟೇಪಿಗೆ ಅಂಟಿಸಿ ಒಂದೊಂದಾಗಿ ಹೆಕ್ಕತೊಡಗಿದರು. ಹೊಸ ಟೀಮಿನವನಿಗೆ ಹೇಳುತ್ತಿದ್ದರು, "ಎಡಗಡೆ ಕ್ಲಾಂಪ್ ಸ್ವಲ್ಪ ಬಿಗಿ ಐತಪ್ಪ. ಮೆತ್ತಗೆ ಒತ್ತು. ಜೋರಾಗಿ ಒತ್ತಿದ್ರೆ ಎಳೆ ಸೀಳ್ತದೆ."

ಆಗ ಹೇಳಿದೆ.

"ಸಾರ್, ಆ ಜಾಯಿಂಟ್ ಸರಿಯಾಗೇ ಇತ್ತು. ಸುಟ್ಟಿರೋದು ಕನೆಕ್ಟರ್."

ಸ್ಕೋಪು ಕೊಟ್ಟೆ. ಮ್ಯಾನೇಜರ್ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಸುಟ್ಟಿದೆ, ಹೌದು. ಸುತ್ತ ಏನ್ರೀ ಇದು, ಕೆಂಪಗೆ?"

"ಕುಂಕುಮ ಸಾರ್."

"ಏನು?"

"ಕುಂಕುಮ. ಆಯುಧಪೂಜೆ ದಿನ ಟೋಪಿ ತೆಗೆದು ಇಟ್ಟಿದ್ದೆ."

ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ತಾತ ಸಹಾಯ ಮಾಡಲು ಬಂದರು. "ಅರಿಶ್ನಾನೂ ಇರ್ಬೇಕು ನೋಡಿ ಸಾಮಿ. ಎಲ್ಲಾ ಪದ್ಧತಿ ಪ್ರಕಾರ್ವೇ ಮಾಡಿದ್ದು."

ಹೊಸ ಟೀಮಿನವನು ನಕ್ಕ. ಮ್ಯಾನೇಜರ್ ನಗಲಿಲ್ಲ. "ಯಾವಾಗ ನೋಡಿದ್ರಿ ಇದನ್ನ?" ಎಂದರು.

"ನಿನ್ನೆ ಸಾರ್. ಎರಡು ಗಂಟೆಗೆ."

ಕುಂಕುಮ ಎಂದಾಗ ತಲೆಯೆತ್ತದ ಜಾಯಿಂಟಣ್ಣ ಎರಡು ಗಂಟೆ ಎಂದಾಗ ತಲೆಯೆತ್ತಿದರು. ನನ್ನನ್ನು ನೋಡಿದರು. ಮತ್ತೆ ಟೇಪಿನ ಕಡೆ ತಿರುಗಿದರು.

ಮ್ಯಾನೇಜರ್ ನನಗೆ ಬೈದದ್ದು ಇಲ್ಲಿ ಬೇಡ, ಬೈಗುಳದಲ್ಲಿ ತಪ್ಪೇನಿರಲಿಲ್ಲ. ಸುಟ್ಟ ಕನೆಕ್ಟರ್ ತೆಗೆದು ಹೊಸದನ್ನು ಜೋಡಿಸಬೇಕಿತ್ತು. ಹೊಸ ಟೀಮಿನವನು ಮೆಷಿನ್ನಿಗೆ ಕೈಹಾಕಿದ. ಮ್ಯಾನೇಜರ್ ಬೇಡವೆಂದು ಕೈ ಆಡಿಸಿ, "ಯಜಮಾನ್ರೇ, ನೀವೇ ಮಾಡಿ" ಎಂದರು. ಜಾಯಿಂಟಣ್ಣ ಹತ್ತು ನಿಮಿಷದಲ್ಲಿ ಮುಗಿಸಿದರು. ಮ್ಯಾನೇಜರೇ ಒರೆಸಿ, ಸ್ಕೋಪಿನಲ್ಲಿ ನೋಡಿ, ಇನ್ನೊಂದು ಕಾರ್ಡು ಹಾಕಿದರು. ಲೇಸರ್ ಆನ್ ಆಯಿತು. ಚಿಂತಾಮಣಿಯ ಬೆಳಕು ಬಂತು, ಹಸಿರು ದೀಪ ನಿಂತಿತು. ಓಟಿಡಿಆರ್ ಗೆರೆ ಶುರುವಿನಿಂದಲೇ ನೆಟ್ಟಗಿತ್ತು.

ರಿಪೋರ್ಟಿನಲ್ಲಿ ಜೋಡಣೆಯ ಹೆಸರೆತ್ತಲಿಲ್ಲ. ಕೊಳಕು ಕನೆಕ್ಟರಿನಿಂದ ಹಾನಿ ಎಂದು ಬರೆದು, ನನ್ನ ಹೆಸರಿಗೆ ಒಂದು ಮೆಮೊ ಬಂತು. ಜಾಯಿಂಟಣ್ಣನ ಒಪ್ಪಂದ ಆ ವರ್ಷವೂ ಹೊಸದಾಯಿತು, ಮುಂದಿನ ವರ್ಷವೂ. ಬೇರೆ ಟೀಮಿನ ಮಾತು ಮತ್ತೆ ಬರಲಿಲ್ಲ. ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಎರಡು ವಾರದ ಮೇಲೆ ಮಂಚೇನಹಳ್ಳಿ ಹತ್ತಿರ ಯಾರೋ ಬೋರ್‌ವೆಲ್ ಪೈಪಿಗೆ ಕಾಲುವೆ ತೋಡುವಾಗ ಕೇಬಲ್ ತುಂಡಾಯಿತು. ಓಟಿಡಿಆರಿನಲ್ಲಿ ನೋಡಿ, ದೂರ ಹೇಳಿ, ಹೊರಡಿ ಅಣ್ಣ ಎಂದೆ. ಅವರು ಗಾಡಿ ಸ್ಟಾರ್ಟ್ ಮಾಡಲಿಲ್ಲ.

"ಮ್ಯಾನೇಜರ್ ಬಾಯಲ್ಲಿ ಹೇಳ್ಸಮ್ಮ."

"ಯಾಕಣ್ಣ? ಗೆರೆ ನೋಡಿ, ಇಲ್ಲೇ ಕಾಣ್ತಿದೆಯಲ್ಲ."

"ಕಾಣ್ತದೆ. ಅವತ್ತು ಎರಡ್ನೇ ಸಲ ಕುಯ್ಯೋಕೆ ಹೇಳ್ದಾಗ ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತಣ್ಣ."

"ಕುಂಕುಮ ಇಕ್ಕಿದ್ದು ಬುಡು, ನಾನೂ ಅಲ್ಲೇ ನಗ್ತಾ ನಿಂತಿದ್ದೆ. ಚೆನ್ನಾಗಿರೋ ಜಾಯಿಂಟು ಕುಯ್ಯೋ ಮನುಷ್ಯನಿಗೆ ಕೊಡೆ ಹಿಡ್ದೆಯಲ್ಲಮ್ಮ. ಅದು ನಂಗೆ ಸರಿ ಬರ್ಲಿಲ್ಲ."

ಮ್ಯಾನೇಜರಿಗೆ ಫೋನ್ ಮಾಡಿ ಕೊಟ್ಟೆ. ಅವರು ಹೇಳಿದ ಮೇಲೆ ಜಾಯಿಂಟಣ್ಣ ಹೊರಟರು. ಆಮೇಲೆ ನಾನು ಆ ಸ್ಟೇಷನ್ನಿನಲ್ಲಿದ್ದ ಮೂರು ವರ್ಷವೂ ಹಾಗೇ ನಡೆಯಿತು. ಮಾತು ಬಿಡಲಿಲ್ಲ. ಟೀ ಕುಡಿಯುತ್ತಿದ್ದೆವು, ಮನೆಯಲ್ಲಿ ಹೋಳಿಗೆ ಮಾಡಿದರೆ ತಂದುಕೊಡುತ್ತಿದ್ದರು, ತಾತನನ್ನು ಇಬ್ಬರೂ ಸೇರಿ ರೇಗಿಸುತ್ತಿದ್ದೆವು. ಆದರೆ ಯಾವ ಎಳೆಗೂ ನನ್ನ ಮಾತಿನ ಮೇಲೆ ಕತ್ತರಿ ಹಾಕಲಿಲ್ಲ. ಮ್ಯಾನೇಜರಿಗೆ ಕಾರಣ ಗೊತ್ತಿರಲಿಲ್ಲ. ಯಜಮಾನರಿಗೆ ವಯಸ್ಸಾಯಿತು, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಒಪ್ಪಿಕೊಂಡಿದ್ದಕ್ಕೆ ಜಾಯಿಂಟಣ್ಣನ ಕೆಲಸ ಉಳಿಯಿತು, ತಡವಾಗಿ ಒಪ್ಪಿಕೊಂಡಿದ್ದಕ್ಕೆ ಇದು. ಎರಡೂ ನ್ಯಾಯವೇ.

ಕಾರ್ಖಾನೆಯಲ್ಲಿ, ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ದುಡಿದವರು ಇಲ್ಲಿ ಬಹಳ ಜನ ಇದ್ದೀರಿ. ತೊಂದರೆ ಎಲ್ಲಿದೆ ಎಂದು ಗೊತ್ತಿದ್ದೂ ಇನ್ನೊಬ್ಬರು ಬೇರೆಲ್ಲೋ ಬಿಚ್ಚುವುದನ್ನು ನೋಡುತ್ತಾ ನಿಂತದ್ದು ನಿಮಗೂ ಆಗಿದ್ದರೆ ಕೆಳಗೆ ಬರೆಯಿರಿ. ಎಷ್ಟು ಹೊತ್ತು ಸುಮ್ಮನಿದ್ದಿರಿ, ಆಮೇಲೆ ಆ ಮನುಷ್ಯ ನಿಮ್ಮ ಜೊತೆ ಹೇಗಿದ್ದರು, ಅದನ್ನೂ ಬರೆಯಿರಿ. ಯಾರ ಹೆಸರೂ ಬೇಡ. ಆ ಜಾಯಿಂಟಣ್ಣನ ಜಾಗದಲ್ಲಿ ನಿಂತವರಿದ್ದರೆ ನೀವು ಮೊದಲು ಬರೆಯಿರಿ.